ಕುರ್ಚಿ ಅಂಗಡಿಯ ಟಿಪ್ಪಣಿಗಳು

ನಮ್ಮ ಕುರ್ಚಿ ಅಂಗಡಿಗೆ ಎರಡು ಭಾಗ. ಹಿಂದೆ ಕಾರ್ಖಾನೆ, ಮುಂದೆ ಮಾರಾಟದ ಕೋಣೆ. ಹಿಂದೆ ದೊಡ್ಡಣ್ಣ ಕುರ್ಚಿ ಮಾಡುತ್ತಾನೆ. ಮುಂದೆ ಚಿಕ್ಕಣ್ಣ ಅದನ್ನು ಉಜ್ಜಿ, ಪಾಲಿಶ್ ಹಚ್ಚಿ, ಮಾರುತ್ತಾನೆ. ಎರಡರ ನಡುವೆ ಬಾಗಿಲಿಲ್ಲದ ಒಂದು ದೊಡ್ಡ ಬಾಯಿ. ಆ ಬಾಯಿಗೆ ಅಡ್ಡವಾಗಿ ನನ್ನ ಮೇಜು. ಬಿಲ್ಲು ಬರೆಯುವುದು, ಫೋನು ಎತ್ತುವುದು, ಮರದ ಮಂಡಿಯವರ ಹತ್ತಿರ ಜಗಳವಾಡುವುದು ನನ್ನ ಕೆಲಸ ಎಂದು ಎಲ್ಲರೂ ತಿಳಿದಿದ್ದಾರೆ. ಅಸಲಿ ಕೆಲಸ ಬೇರೆಯೇ ಇತ್ತು. ಅಣ್ಣಂದಿರಿಬ್ಬರೂ ಮೂರು ವರ್ಷದಿಂದ ಮಾತು ಬಿಟ್ಟಿದ್ದರು. ಒಬ್ಬನ ಮಾತನ್ನು ಇನ್ನೊಬ್ಬನಿಗೆ ಮುಟ್ಟಿಸುವವಳು ನಾನು.

"ಅವನಿಗೆ ಹೇಳು ಪುಟ್ಟಿ, ಆರು ಊಟದ ಕುರ್ಚಿ ಬೇಕಂತೆ, ಬೇಗ."

"ಬೇಗ ಬೇಕಾದ್ರೆ ಪ್ಲಾಸ್ಟಿಕ್ ತಗೊಳ್ಳೋಕೆ ಹೇಳು ಅಂತ ಹೇಳು ಅವನಿಗೆ."

"ಗಿರಾಕಿ ಇಲ್ಲೇ ಕೂತಿದ್ದಾರೆ, ಅವರಿಗೆ ಎಲ್ಲಾ ಕೇಳಿಸ್ತಿದೆ ಅಂತ ಹೇಳು."

ನಾನು ಏನನ್ನೂ ಹೇಳಬೇಕಾಗಿರಲಿಲ್ಲ. ಒಬ್ಬ ಆಡಿದ್ದು ಇನ್ನೊಬ್ಬನ ಕಿವಿಗೆ ನೇರವಾಗಿ ಬೀಳುತ್ತಿತ್ತು. ಆದರೂ ನನ್ನ ಬಾಯಿಂದ ಹಾದು ಹೋಗದ ಮಾತಿಗೆ ಬೆಲೆಯಿಲ್ಲ. ನಾನು ಮೂಗು ಕಟ್ಟಿ ಮಲಗಿದ್ದ ವಾರ ಅಂಗಡಿಯಲ್ಲಿ ಒಂದು ಸ್ಟೂಲು ಕೂಡ ಆಚೀಚೆ ಆಗಲಿಲ್ಲ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅನ್ನುತ್ತಾರಲ್ಲ, ಅದಕ್ಕಾದರೂ ಒಂದೇ ಏಟಿಗೆ ಬಿಡುಗಡೆ.

ಜಗಳಕ್ಕೆ ಕಾರಣ ಒಂದು ಕುರ್ಚಿ. ಕುರ್ಚಿ ಅಂಗಡಿಯವರು ಇನ್ನೇನಕ್ಕೆ ಜಗಳವಾಡುತ್ತಾರೆ!

ಅಪ್ಪ ಕೊನೆಗೆ ಕೈ ಹಚ್ಚಿದ ಕುರ್ಚಿ ಅದು. ಕಾಲುಗಳನ್ನು ಕೊಯ್ದು ಕೊಟ್ಟವನು ದೊಡ್ಡಣ್ಣ, ಕೂಡಿಸಿದವರು ಅಪ್ಪ. ಬೆನ್ನಿನ ಪಟ್ಟಿಯ ಹಿಂದೆ, ಎತ್ತುವಾಗ ಹಿಡಿತಕ್ಕೆ ಸಿಗಲಿ ಅಂತ, ಬೆರಳುಗಳಿಗೆ ಸಣ್ಣ ಸಣ್ಣ ಕುಳಿ ಕೊರೆದಿದ್ದರು. ಬೇರೆ ಯಾವ ಕುರ್ಚಿಗೂ ಹಾಗೆ ಮಾಡಿದವರಲ್ಲ. ಅದಾದ ವಾರವೇ ಅಪ್ಪ ಹೋದರು. ಮನೆಯಲ್ಲಿ ಜನ ತುಂಬಿದ್ದಾಗ ದೊಡ್ಡಣ್ಣ ಒಮ್ಮೆ ಕಾರ್ಖಾನೆಗೆ ಬಂದು ನೋಡಿದ್ದಾನೆ. ಕುರ್ಚಿ ಮಗುಚಿ ಬಿದ್ದಿದೆ, ಅಡಿಯಲ್ಲಿ ಅಪ್ಪನ ಸೀಮೆಸುಣ್ಣದ ಬರಹ ಬೆಳ್ಳಗೆ ಕಂಡಿದೆ. ಓದುವ ಧೈರ್ಯ ಬಂದಿಲ್ಲ. ಮನಸ್ಸು ಗಟ್ಟಿಯಾದ ಮೇಲೆ ಓದೋಣ ಎಂದುಕೊಂಡು ಹೋದ. ಮನಸ್ಸು ಗಟ್ಟಿ ಮಾಡಿಕೊಂಡು ಬರುವ ಹೊತ್ತಿಗೆ ಚಿಕ್ಕಣ್ಣ ಅಂಗಡಿ ತೆರೆದು, ಆ ಕುರ್ಚಿಯನ್ನೂ ಉಳಿದವುಗಳ ಜೊತೆ ಉಜ್ಜಿ, ಪಾಲಿಶ್ ಹಚ್ಚಿ, ಯಾರಿಗೋ ಮಾರಿ ಕೈ ತೊಳೆದುಕೊಂಡಿದ್ದ. ಕೊಂಡವರು ಯಾರೆಂದು ಅವನಿಗೆ ನೆನಪಿರಲಿಲ್ಲ; ನಾನಿನ್ನೂ ಮನೆಯಲ್ಲೇ ಇದ್ದೆ, ಬಿಲ್ಲೂ ಆಗಿರಲಿಲ್ಲ.

"ಗೊತ್ತಿರಲಿಲ್ಲ ಅಂತ ಹೇಳು" ಎಂದು ಚಿಕ್ಕಣ್ಣ ನನ್ನ ಮೂಲಕ ಎಷ್ಟೋ ಸಲ ಹೇಳಿ ಕಳಿಸಿದ. ನಾನು ಹೇಳಲು ಹೋದಾಗಲೆಲ್ಲ ದೊಡ್ಡಣ್ಣ ಮರ ಕೊಯ್ಯುವ ಯಂತ್ರದ ಗುಂಡಿ ಒತ್ತುತ್ತಿದ್ದ. ಕರೆಂಟು ಹೋದಾಗ ಹೇಳಿದರೆ, ಕೆಮ್ಮುತ್ತಿದ್ದ.

ಇಲ್ಲಿ ನಮ್ಮ ಕಾರ್ಖಾನೆಯ ಒಂದು ಪದ್ಧತಿ ಹೇಳಬೇಕು. ಅಪ್ಪನ ಕಾಲದ್ದು. ಯಾರ ಕೆಲಸದಲ್ಲಾದರೂ ತಪ್ಪು ಕಂಡರೆ ಬಾಯಿಬಿಟ್ಟು ಹೇಳುವಂತಿಲ್ಲ. ತಪ್ಪಿದ್ದ ಜಾಗದ ಮೇಲೇ ಸೀಮೆಸುಣ್ಣದಲ್ಲಿ ಬರೆಯಬೇಕು. 'ಇಲ್ಲಿ ಸಂದು', 'ಕೀಲು ಸಡಿಲ', 'ಇದು ಕಾಲಾ ಕೋಲಾ?' ಹೀಗೆ. ತಪ್ಪು ಮಾಡಿದವನು ಅದನ್ನು ತಿದ್ದಿ ಪಕ್ಕದಲ್ಲಿ 'ನೋಡಿದೆ' ಎಂದು ಬರೆಯಬೇಕು. ಆಮೇಲೆ ಕುರ್ಚಿ ಮುಂದಿನ ಕೋಣೆಗೆ ಹೋಗುತ್ತದೆ, ಮರ ಉಜ್ಜುವ ಉಪ್ಪುಕಾಗದದ ಏಟಿಗೆ ತಪ್ಪೂ 'ನೋಡಿದೆ'ಯೂ ಒಟ್ಟಿಗೇ ಉದುರುತ್ತವೆ. "ಬಾಯಲ್ಲಿ ಹೇಳಿದ್ದು ಮನಸ್ಸಿಗೆ ಅಂಟುತ್ತೆ, ಮರದ ಮೇಲೆ ಬರೆದದ್ದು ಉಜ್ಜಿದ್ರೆ ಹೋಗುತ್ತೆ" ಅನ್ನುತ್ತಿದ್ದರು ಅಪ್ಪ. ಅಳಿಸುವುದು ಯಾರ ಕೆಲಸ ಎಂದು ನಾವು ಯಾರೂ ಯೋಚಿಸಿದವರಲ್ಲ. ಕುರ್ಚಿ ನಯವಾದರೆ ಬರಹ ತಾನಾಗಿ ಹೋಗುತ್ತದೆ, ಅಷ್ಟೇ. ಈ ನಂಬಿಕೆಯೇ ಮುಂದೆ ನಮ್ಮ ಮಾನ ಹರಾಜು ಹಾಕಿತು.

ಮಾತು ಬಿಟ್ಟ ಮೂರನೆಯ ವರ್ಷ ದೊಡ್ಡಣ್ಣ ಇಟ್ಟಿಗೆ ತರಿಸಿದ. ಹಿಂದಿನ ಅಂಗಳದಲ್ಲಿ ಒಪ್ಪವಾಗಿ ಪೇರಿಸಿದ. ಕಾರ್ಖಾನೆಗೂ ಅಂಗಡಿಗೂ ನಡುವೆ ಗೋಡೆ ಕಟ್ಟುವುದು, ಅವನು ಮಾಡಿದ್ದನ್ನು ಅವನೇ ಹಿಂದಿನ ಬೀದಿಯಲ್ಲಿ ಮಾರುವುದು, ಇವನು ಬೇರೆ ಕಡೆಯಿಂದ ತಯಾರಾದ ಕುರ್ಚಿ ತರಿಸಿ ಮುಂದಿನ ಬೀದಿಯಲ್ಲಿ ಮಾರುವುದು. ಇಬ್ಬರಿಗೂ ಸಮ್ಮತ, ಮೂರು ವರ್ಷದಲ್ಲಿ ಅವರು ಒಪ್ಪಿದ ಒಂದೇ ವಿಷಯ ಅದು. ಗೋಡೆ ಬರುವುದು ಸರಿಯಾಗಿ ನನ್ನ ಮೇಜಿರುವ ಜಾಗಕ್ಕೆ. "ನೀನು ಯಾವ ಕಡೆ ಕೂರ್ತೀಯ ಯೋಚ್ನೆ ಮಾಡಿಟ್ಕೋ" ಅಂದರು ಇಬ್ಬರೂ, ಬೇರೆ ಬೇರೆಯಾಗಿ, ಒಂದೇ ಮಾತಿನಲ್ಲಿ. ಇಬ್ಬರ ಮಧ್ಯೆ ಕೂತು ಬೆಳೆದವಳು ನಾನು. ಯಾವ ಕಡೆ ಕೂತರೂ ಅರ್ಧ ಅನಾಥೆ.

ಅಷ್ಟರಲ್ಲಿ ಚಿಕ್ಕಣ್ಣನಿಗೆ ವೆಬ್‌ಸೈಟಿನ ಹುಚ್ಚು ಹಿಡಿಯಿತು. ಎದುರು ಮನೆಯ ಸೊಸೆಗೆ ಅದೇ ಉದ್ಯೋಗ; ಮಾಡಿಕೊಡಲು ಒಪ್ಪಿದಳು. ಮಾತುಗಳನ್ನೆಲ್ಲ ಚಿಕ್ಕಣ್ಣನೇ ಬರೆದ. ಕುರ್ಚಿಗಳ ಅಳತೆ, ಮರದ ವಿವರ ದೊಡ್ಡಣ್ಣ ಹೇಳಬೇಕಿತ್ತು. ಅವನು ಹೇಳಿದ್ದನ್ನು ಇವನು ತಿದ್ದಿ, ಇವನು ತಿದ್ದಿದ್ದನ್ನು ಅವನು ಬೈದು, ನಡುವೆ ನಾನು ಓಡಾಡಿ ಚಪ್ಪಲಿ ಸವೆಸುವುದನ್ನು ನೋಡಿ ಆ ಹುಡುಗಿಗೇ ಕರುಣೆ ಬಂತು.

"ಅಕ್ಕಾ, ಇದಕ್ಕೆ ಒಂದು ಸಾಧನ ಇದೆ" ಎಂದಳು. ವೆಬ್‌ಸೈಟಿನ ಪುಟದಲ್ಲಿ ಬೇಕಾದ ಸಾಲಿನ ಮೇಲೆ ಬೆರಳೆಳೆದರೆ ಅದು ಹಳದಿಯಾಗುತ್ತದೆ. ಪಕ್ಕದಲ್ಲಿ ಟಿಪ್ಪಣಿ ಬರೆಯಲು ಜಾಗ ಬರುತ್ತದೆ. ಪುಟ ಇದ್ದ ಹಾಗೇ ಇರುತ್ತದೆ, ಟಿಪ್ಪಣಿ ಅದರ ಮೇಲೊಂದು ಪದರವಾಗಿ ನಿಲ್ಲುತ್ತದೆ. ಆ ಸಾಧನ ಹಾಕಿಕೊಂಡವರು ಅದನ್ನು ಓದಬಹುದು, ಉತ್ತರ ಕೂಡ ಬರೆಯಬಹುದು.

ನಾನು ಅವಳ ಕೈ ಹಿಡಿದುಕೊಂಡುಬಿಟ್ಟೆ. ಇದು ನಮ್ಮ ಸೀಮೆಸುಣ್ಣವೇ ಅಲ್ಲವೆ! ತಪ್ಪಿದ್ದ ಜಾಗದ ಮೇಲೇ ಬರೆಯುವುದು. ಮಾತೇ ಬೇಡ. ನಾನೂ ಬೇಡ.

ಆಕೆ ನಮ್ಮ ಮೂವರಿಗೆ ಮಾತ್ರ ಕಾಣುವಂತೆ ಗುಂಪೊಂದನ್ನು ಮಾಡಿದಳು. ಚಿಕ್ಕಣ್ಣನಿರುವ ಗುಂಪಿಗೆ ಸೇರುವುದಿಲ್ಲ ಎಂದ ದೊಡ್ಡಣ್ಣ. ದೊಡ್ಡಣ್ಣನನ್ನು ತಾನು ಕರೆದೇ ಇಲ್ಲ ಎಂದ ಚಿಕ್ಕಣ್ಣ. "ಹಾಗಾದ್ರೆ ಗುಂಪು ಬೇಡ ಬಿಡಿ, ತೆರೆದೇ ಇಡ್ತೀನಿ. ಸೈಟು ಇನ್ನೂ ಯಾರಿಗೂ ಗೊತ್ತಿಲ್ವಲ್ಲ. ಕೆಲಸ ಮುಗಿದ ಮೇಲೆ ಎಲ್ಲಾ ಅಳಿಸಿಬಿಡಿ, ಮರೀಬೇಡಿ" ಎಂದಳು. ಮೂವರೂ ತಲೆಯಾಡಿಸಿದೆವು. ತಲೆಯಾಡಿಸಲು ದುಡ್ಡು ಕೊಡಬೇಕಾಗಿಲ್ಲ.

ಆಹಾ, ಆ ಮೇಲಿನ ದಿನಗಳ ಶಾಂತಿ! ನಾನು ಕುಡಿದ ಕಾಫಿ ಬಿಸಿಯಾಗಿರುತ್ತಿತ್ತು. ಹಿಂದೆ ಒಬ್ಬ, ಮುಂದೆ ಒಬ್ಬ, ಫೋನಿನ ಮೇಲೆ ಬೆರಳೆಳೆಯುತ್ತ ಹಲ್ಲು ಕಡಿಯುತ್ತಿದ್ದರು, ಸದ್ದಿಲ್ಲದೆ.

'ನಮ್ಮ ಕುರ್ಚಿಗಳು ತಲೆಮಾರುಗಳ ಕಾಲ ಬಾಳುತ್ತವೆ' ಎಂದು ಚಿಕ್ಕಣ್ಣ ಬರೆದಿದ್ದ. ಪಕ್ಕದಲ್ಲಿ ದೊಡ್ಡಣ್ಣನ ಟಿಪ್ಪಣಿ: 'ಯಾರ ತಲೆಮಾರು? ಬೆಕ್ಕಿನದಾ?'

'ಪ್ರತಿ ಕುರ್ಚಿಯನ್ನೂ ಕೈಯಿಂದಲೇ ಉಜ್ಜಿ ನಯಗೊಳಿಸಲಾಗಿದೆ' ಎಂಬುದರ ಮೇಲೆ: 'ಮೇಲೆ ಮಾತ್ರ. ಅಡಿಗೆ ಕೈ ಹಾಕಿದರೆ ಸಿಬಿರು ಚುಚ್ಚುತ್ತೆ. ಅಡಿ ಉಜ್ಜೋಕೆ ಇವನಿಗೆ ಬೆನ್ನು ಬಗ್ಗಲ್ಲ.'

ಅದಕ್ಕೆ ಚಿಕ್ಕಣ್ಣನ ಉತ್ತರ: 'ಅಡಿಯಲ್ಲಿ ಕೂರೋರು ಯಾರು?'

ನಾಲ್ಕು ಕಾಲಿನ ಸ್ಟೂಲಿನ ಚಿತ್ರದ ಮೇಲೆ ದೊಡ್ಡಣ್ಣ: 'ಇದನ್ನು ಮಾರಬೇಡ. ಅಂಟು ಒಣಗೋ ಮುಂಚೆ ಎತ್ತಿಕೊಂಡು ಹೋದೆ. ಅಲುಗಾಡುತ್ತೆ.' ಚಿಕ್ಕಣ್ಣ: 'ನಿನ್ನ ಅಂಟು ಒಣಗೋ ಹೊತ್ತಿಗೆ ಗಿರಾಕಿಗೆ ಮೊಮ್ಮಕ್ಕಳಾಗಿರುತ್ತೆ.'

'ನಮ್ಮ ಬಗ್ಗೆ' ಎಂಬ ಪುಟದಲ್ಲಿ 'ಇಬ್ಬರು ಸೋದರರು ಒಂದೇ ಮನಸ್ಸಿನಿಂದ ನಡೆಸುತ್ತಿರುವ' ಎಂಬ ಸಾಲಿತ್ತು. ಅದರ ಪಕ್ಕ: 'ಯಾರಿವರು? ಪರಿಚಯ ಮಾಡಿಸು.' ಮತ್ತೆ ಅದೇ ಪುಟದ ಕೊನೆಗೆ, 'ತಂದೆಯವರ ಕೈಗುಣವನ್ನು ಇಂದಿಗೂ ಉಳಿಸಿಕೊಂಡು' ಎಂಬಲ್ಲಿ, ದೊಡ್ಡಣ್ಣ ಉದ್ದಕ್ಕೆ ಬರೆದಿದ್ದ: 'ಉಳಿಸಿಕೊಂಡಿದ್ದೀಯಾ? ಅಪ್ಪನ ಕೊನೆಯ ಕುರ್ಚಿ ಎಲ್ಲಿ? ಬೆನ್ನ ಪಟ್ಟಿ ಹಿಂದೆ ಬೆರಳಿಗೆ ಕುಳಿ ಇದ್ದದ್ದು ಅದೊಂದಕ್ಕೇ. ಅಡಿಯಲ್ಲಿ ಅಪ್ಪ ಏನೋ ಬರೆದಿದ್ದರು. ನಾನು ಓದಿರಲಿಲ್ಲ. ನೀನು ಉಜ್ಜಿಹಾಕಿದೆ.'

ಇದಕ್ಕೆ ಮಾತ್ರ ಚಿಕ್ಕಣ್ಣ ಉತ್ತರ ಬರೆಯಲಿಲ್ಲ. ಆ ದಿನ ಮಧ್ಯಾಹ್ನ ಅವನು ಊಟ ಬಿಟ್ಟ.

ವೆಬ್‌ಸೈಟು ಸಿದ್ಧವಾಯಿತು. ಎದುರು ಮನೆಯ ಸೊಸೆ ಅದನ್ನು ಲೋಕಕ್ಕೆ ತೆರೆದಳು. ಚಿತ್ರಗಳು ಹೊಳೆಯುತ್ತಿದ್ದವು, ಅಕ್ಷರಗಳು ನೀಟಾಗಿದ್ದವು. ನಮ್ಮ ಲೆಕ್ಕದಲ್ಲಿ ಪಾಲಿಶ್ ಆಯಿತು. ಪಾಲಿಶ್ ಆದ ಮೇಲೆ ಸೀಮೆಸುಣ್ಣ ಎಲ್ಲಿರುತ್ತದೆ? ಅಳಿಸುವುದು ಇನ್ನೊಬ್ಬರ ಕೆಲಸ ಎಂದು ಕೂಡ ನಾವು ಅಂದುಕೊಳ್ಳಲಿಲ್ಲ. ಅದು ಕೆಲಸವೇ ಅಂತ ಹೊಳೆಯಲಿಲ್ಲ.

ಮೊದಲು ಬಂದವರು ಒಬ್ಬ ಮೇಷ್ಟ್ರು. ಕನ್ನಡಕ ಸರಿ ಮಾಡಿಕೊಂಡು, ಕುರ್ಚಿಗಳ ಕಡೆ ತಿರುಗಿಯೂ ನೋಡದೆ, "ಆ ಅಲುಗಾಡೋ ಸ್ಟೂಲು ಇದೆಯಾ?" ಎಂದರು.

ಚಿಕ್ಕಣ್ಣ ಎದೆಯ ಮೇಲೆ ಕೈಯಿಟ್ಟ. "ನಮ್ಮಲ್ಲಿ ಅಲುಗಾಡೋದು ಯಾವುದೂ ಇಲ್ಲ ಸಾರ್."

"ಇದೆಯಲ್ಲ ಸ್ವಾಮಿ, ನಿಮ್ಮಣ್ಣನೇ ಬರೆದಿದ್ದಾರೆ. ನಮ್ಮ ಮನೆ ನೆಲವೇ ಸೊಟ್ಟ. ಸರಿಯಾದ ಸ್ಟೂಲು ತಂದ್ರೆ ಅಲುಗಾಡುತ್ತೆ. ಇದು ಸರಿಹೋಗಬಹುದು ಅನ್ನಿಸ್ತು."

ಅವರು ಶಾಲೆಯಲ್ಲಿ ಮಕ್ಕಳಿಗೆ ಪಾಠ ಓದಿಸಲು ಅದೇ ಟಿಪ್ಪಣಿ ಸಾಧನವನ್ನು ಬಳಸುತ್ತಿದ್ದರಂತೆ. ಫೋನು ತೆಗೆದು ತೋರಿಸಿದರು. ನಮ್ಮ ಹೊಳೆಯುವ ವೆಬ್‌ಸೈಟಿನ ಮೇಲೆ ಹಳದಿ ಹಳದಿಯಾಗಿ ನಮ್ಮ ಮನೆ ಜಗಳವೆಲ್ಲ ಬಿಡಿಸಿಟ್ಟಿತ್ತು, ಬೆಕ್ಕಿನ ತಲೆಮಾರು ಸಮೇತ. ಚಿಕ್ಕಣ್ಣ ಬಣ್ಣ ಕಳೆದುಕೊಂಡು ನಿಂತ. ಮೇಷ್ಟ್ರು ಮಾತ್ರ ಸ್ಟೂಲನ್ನು ಬಗಲಿಗೆ ಸಿಕ್ಕಿಸಿಕೊಂಡು, "ಇಷ್ಟು ಸತ್ಯ ಹೇಳೋ ಅಂಗಡಿ ನಾನು ಕಂಡೇ ಇಲ್ಲ" ಎಂದು ಹೊಗಳಿ ಹೋದರು.

ಗುಟ್ಟು ರಟ್ಟಾದರೆ ವ್ಯಾಪಾರ ಮುಳುಗುತ್ತದೆ ಎಂದು ನಾನು ಹೆದರಿದ್ದೆ. ಆಗಿದ್ದು ತಲೆಕೆಳಗು. ಮೇಷ್ಟ್ರು ತಮ್ಮ ಬಳಗಕ್ಕೆ ಹೇಳಿದರು, ಬಳಗ ತನ್ನ ಬಳಗಕ್ಕೆ ಹೇಳಿತು. ಜನ ಬಂದು, "ದೊಡ್ಡೋರು ಬೈದಿರೋ ಬೆಂಚು ಯಾವುದು?" "ಚಿಕ್ಕೋರು ಸುಳ್ಳು ಹೇಳಿರೋ ಆರಾಮ ಕುರ್ಚಿ ತೋರಿಸಿ" ಎಂದು ಕೇಳತೊಡಗಿದರು. ದೊಡ್ಡಣ್ಣ ಏನೂ ಬರೆಯದ ಕುರ್ಚಿಗಳನ್ನು ಕಣ್ಣು ಮುಚ್ಚಿ ಕೊಂಡರು. ಅವನು ಬೈದದ್ದನ್ನು ತಮಾಷೆಗೆಂದು ಕೊಂಡರು. ಟಿಪ್ಪಣಿಗಳ ಕೆಳಗೆ ಊರವರೆಲ್ಲ ಉತ್ತರ ಬರೆದರು. ಎರಡು ಪಕ್ಷವಾಯಿತು. ದೊಡ್ಡಣ್ಣನ ಪಕ್ಷದವರು ಕುರ್ಚಿ ಮಗುಚಿ ಅಡಿಗೆ ಕೈ ಹಾಕಿ ನೋಡುತ್ತಿದ್ದರು. ಚಿಕ್ಕಣ್ಣನ ಪಕ್ಷದವರು ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮವರು ಮಾತು ಬಿಟ್ಟು, ಜಗಳದಿಂದಲೇ ಹೊಟ್ಟೆ ಹೊರೆದರು.

ನಾನು ಎದುರು ಮನೆಯ ಸೊಸೆಯನ್ನು ಕರೆದು, "ಅಳಿಸಿಬಿಡೋಣಮ್ಮ" ಎಂದೆ.

"ಯಾಕೆ ಅಳಿಸ್ಬೇಕು? ಯಾರು ಸರಿ ಅಂತ ಜನ ನೋಡ್ಲಿ" ಎಂದಿತು ಹಿಂದಿನ ಕೋಣೆ.

"ಯಾಕೆ ಅಳಿಸ್ಬೇಕು? ಜನ ಬರ್ತಿದ್ದಾರಲ್ಲ" ಎಂದಿತು ಮುಂದಿನ ಕೋಣೆ.

ಆಕೆ ನಕ್ಕು ಹೋದಳು. ಅವಳಿಗೇನು, ಗೋಡೆ ಬರುವುದು ಅವಳ ತಲೆಯ ಮೇಲಲ್ಲ.

ನಾನು ಪೆದ್ದಿ, ವ್ಯಾಪಾರ ಏರಿದ ಮೇಲೆ ಗೋಡೆಯ ಮಾತು ಹಿಂದೆ ಬೀಳುತ್ತದೆ ಎಂದುಕೊಂಡೆ. ಆಗಿದ್ದು ಬೇರೆಯೇ. ಅಷ್ಟು ಜನ ತನ್ನ ಪಕ್ಷ ಸೇರಿದ ಮೇಲೆ ಯಾರು ತಾನೆ ಸೋಲುತ್ತಾರೆ? ಮೊದಲು ಇಬ್ಬರಿಗೂ ಜಗಳವಷ್ಟೇ ಇತ್ತು, ಈಗ ಅಭಿಮಾನಿಗಳೂ ಇದ್ದರು. ಚಿಕ್ಕಣ್ಣ ಬೆಳಗ್ಗೆ ಎದ್ದು ತಲೆ ಬಾಚುವ ಮುಂಚೆ ಹೊಸ ಚುಚ್ಚುಮಾತು ಬರೆಯುತ್ತಿದ್ದ. ದೊಡ್ಡಣ್ಣ ಅಂಟು ಕಲಸುವುದು ಬಿಟ್ಟು ಉತ್ತರ ಹೊಸೆಯುತ್ತಿದ್ದ. ಒಂದು ದಿನ ಯಾರೋ ಓದುಗ, 'ಇಷ್ಟೆಲ್ಲಾ ಆದ ಮೇಲೂ ಒಂದೇ ಸೂರಿನಡಿ ಹೇಗಿದ್ದೀರಿ?' ಎಂದು ಬರೆದ. ದೊಡ್ಡಣ್ಣ ಅದಕ್ಕೆ, 'ಗೋಡೆ ಕಟ್ಟಿಸುತ್ತಿದ್ದೇನೆ' ಎಂದು ಎಲ್ಲರಿಗೂ ಕಾಣುವಂತೆ ಬರೆದುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಇನ್ನು ಹಿಂದೆಗೆಯುವ ಹಾಗಿರಲಿಲ್ಲ.

ಗಾರೆಯವನು ಬಂದ ದಿನ ನಾನು ಮೇಜಿನ ಖಾನೆಗಳನ್ನು ಖಾಲಿ ಮಾಡುತ್ತಿದ್ದೆ. ಅವನು ಈ ಮೂಲೆಯಿಂದ ಆ ಮೂಲೆಗೆ ದಾರ ಎಳೆದು ಕಟ್ಟಿದ. ದಾರ ನನ್ನ ಮೇಜಿನ ನಡುಮಧ್ಯದ ಮೇಲೆ ಹಾದುಹೋಯಿತು. "ಅಮ್ಮಾ, ಮೇಜು ಆ ಕಡೆಗಾ ಈ ಕಡೆಗಾ?" ಎಂದು ಕೇಳಿದ. ಪಾಪ, ಅವನದೇನು ತಪ್ಪು. ಆದರೂ ನಾನು ಅವನ ಮೇಲೆ ರೇಗಿದೆ. ರೇಗದಿದ್ದರೆ ಅತ್ತುಬಿಡುತ್ತಿದ್ದೆ.

ಆಗಲೇ ಫೋನು ಗುಂಯ್ ಅಂದಿತು. 'ನಮ್ಮ ಬಗ್ಗೆ' ಪುಟದಲ್ಲಿ, ಅಪ್ಪನ ಕುರ್ಚಿಯ ಬಗ್ಗೆ ದೊಡ್ಡಣ್ಣ ಬರೆದಿದ್ದನಲ್ಲ, ಅದರ ಕೆಳಗೆ ಹೊಸ ಉತ್ತರ. ಬರೆದವಳು ಒಬ್ಬ ದರ್ಜಿ ಹೆಂಗಸು.

'ನಾನು ಬಟ್ಟೆ ಹೊಲಿಯುವವಳು. ನಿಮ್ಮ ಜಗಳವನ್ನು ನನ್ನ ಗಿರಾಕಿಗಳು ಓದಿ ಹೇಳುತ್ತಿರುತ್ತಾರೆ. ಬೆರಳಿಗೆ ಕುಳಿ ಇರುವ ಕುರ್ಚಿ ನನ್ನ ಹತ್ತಿರ ಇದೆ, ದಿನಾ ಅದರ ಮೇಲೇ ಕೂತು ಹೊಲಿಯುತ್ತೇನೆ. ಬಿದ್ದ ಸೂಜಿ ಹುಡುಕಲು ನೆಲಕ್ಕೆ ಬಗ್ಗಿದಾಗಲೆಲ್ಲ ಅಡಿಯ ಬರಹ ಕಾಣುತ್ತಿತ್ತು. ಯಾರೂ ಉಜ್ಜಿಲ್ಲ, ಹಾಗೇ ಇದೆ. ನಿಮಗೆ ಬೇಕಾಗಬಹುದು ಅಂತ ಫೋಟೋ ಹಾಕಿದ್ದೇನೆ.'

ಫೋಟೋ ದೊಡ್ಡದು ಮಾಡಿದೆ. ಅಪ್ಪನ ಅಕ್ಷರ. 'ಕ'ದ ಹೊಟ್ಟೆ ಯಾವಾಗಲೂ ಒಂದು ಕಡೆಗೆ ಜೋತು ಬೀಳುತ್ತಿತ್ತು, ಅದೇ ಹೊಟ್ಟೆ. ತಮಗೆ ತಾವೇ ಬರೆದುಕೊಂಡಿದ್ದರು.

'ದೊಡ್ಡೋನು ಕಾಲಿನ ಅಳತೆ ತಪ್ಪಿದ್ದಾನೆ. ಚಿಕ್ಕೋನಿಗೆ ಗೊತ್ತಾಗೋದು ಬೇಡ, ಆಡಿಕೊಳ್ತಾನೆ. ನಾನೇ ಸರಿ ಮಾಡ್ತೀನಿ.'

ಮೂರು ವರ್ಷ ದೊಡ್ಡಣ್ಣ ಹಂಬಲಿಸಿದ ಅಪ್ಪನ ಕೊನೆಯ ಮಾತು ಇದು! ಅದೂ ಯಾವನಿಗೆ ಗೊತ್ತಾಗುವುದು ಬೇಡವೋ ಅವನಿಗೂ, ಅವನ ಪಕ್ಷಕ್ಕೂ, ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಚಿಕ್ಕಣ್ಣ ಯಾವಾಗಲೂ ಆ ಪುಟದಲ್ಲೇ ಬಿದ್ದಿರುವವನು. ತಲೆ ಎತ್ತಿ ನೋಡಿದೆ. ಅವನು ಆಗಲೇ ಓದಿದ್ದ. ಪಾಲಿಶ್ ಬಟ್ಟೆ ಒಂದು ಕೈಯಲ್ಲಿ, ಫೋನು ಇನ್ನೊಂದರಲ್ಲಿ. ಹಿಂದಿನ ಕೋಣೆಯಲ್ಲಿ ಯಂತ್ರದ ಸದ್ದು ನಿಂತಿತು. ಅಂದರೆ ಅವನೂ ಓದುತ್ತಿದ್ದಾನೆ.

ಚಿಕ್ಕಣ್ಣನಿಗೆ ಸಿಕ್ಕ ಅವಕಾಶ ಅಂತಿಂಥದ್ದಲ್ಲ. ಬೇರೆಯವರ ತಪ್ಪಿನ ಮೇಲೆ ಮೂರು ವರ್ಷ ಸೀಮೆಸುಣ್ಣ ಸವೆಸಿದ ದೊಡ್ಡಣ್ಣ, ತನ್ನ ತಪ್ಪಿನ ಮೇಲೇ ಬೆಟ್ಟದಷ್ಟು ಹಟ ಕಟ್ಟಿದ್ದ. ಒಂದೇ ಸಾಲು ಬರೆದಿದ್ದರೂ ಸಾಕು, ದೊಡ್ಡಣ್ಣ ಮತ್ತೆ ತಲೆ ಎತ್ತುತ್ತಿರಲಿಲ್ಲ. ಚಿಕ್ಕಣ್ಣನ ಹೆಬ್ಬೆರಳು ಓಡಾಡುವುದನ್ನು ನೋಡುತ್ತ ನಾನು ಮನಸ್ಸಿನಲ್ಲೇ ಬೇಡಿಕೊಂಡೆ: ಬೇಡ ಕಣೋ, ಇವತ್ತೊಂದು ದಿನ ಬೇಡ.

ಫೋನು ಮತ್ತೆ ಗುಂಯ್ ಅಂದಿತು. ಚಿಕ್ಕಣ್ಣ ಬರೆದಿದ್ದ:

'ಆ ಅಳತೆ ಬರೆದುಕೊಟ್ಟಿದ್ದು ನಾನು. ತಪ್ಪು ನನ್ನದು. ಅಪ್ಪನಿಗೆ ಗೊತ್ತಿರಲಿಲ್ಲ.'

ಇದು ಹಸೀ ಸುಳ್ಳು. ಚಿಕ್ಕಣ್ಣ ಹುಟ್ಟಿದಾಗಿನಿಂದ ಅಳತೆಯ ಟೇಪು ಮುಟ್ಟಿದವನಲ್ಲ. ಅಂಗಡಿಯ ಪರದೆ ಕೂಡ ಕಣ್ಣಳತೆಯಲ್ಲೇ ತಂದು ಅರ್ಧ ಕಿಟಕಿ ಬರಿದಾಗಿದೆ. ಟಿಪ್ಪಣಿಯ ಕೆಳಗೆ ಅವನ ಪಕ್ಷದವರು ಅಯ್ಯೋ ಎಂದು ಬರೆಯತೊಡಗಿದರು. ಹಿಂದಿನ ಕೋಣೆಯಲ್ಲಿ ಉಳಿ ನೆಲಕ್ಕೆ ಬಿದ್ದ ಸದ್ದು. ಮೈಯೆಲ್ಲ ಮರದ ಹುಡಿ ಮೆತ್ತಿಕೊಂಡ ದೊಡ್ಡಣ್ಣ ನನ್ನ ಮೇಜಿನ ತನಕ ಬಂದ. ನನ್ನ ಮುಖ ನೋಡಲಿಲ್ಲ. ದಾರದ ಮೇಲಿನಿಂದ ಚಿಕ್ಕಣ್ಣನನ್ನೇ ನೋಡಿದ.

"ಏಯ್, ಸುಳ್ಳು ಬರೀತೀಯಾ? ಟೇಪು ಯಾವ ಕಡೆ ಹಿಡೀಬೇಕು ಅಂತ ಗೊತ್ತೇನೋ ನಿನಗೆ?"

ಮೂರು ವರ್ಷದಲ್ಲಿ ಮೊದಲ ಮಾತು. ಅದೂ ಬೈಗುಳ. ನನಗೆ ಮಾತ್ರ ಅದಕ್ಕಿಂತ ಹಿತವಾದ್ದನ್ನು ಕೇಳಿದ ನೆನಪಿಲ್ಲ.

ಚಿಕ್ಕಣ್ಣ ಗಕ್ಕನೆ ನನ್ನ ಕಡೆ ತಿರುಗಿ, "ಅವನಿಗೆ ಹೇಳು..." ಎಂದು ಶುರು ಮಾಡಿದ.

"ನಾನು ಹೇಳಲ್ಲ" ಎಂದೆ. "ನಂದು ಕೆಲಸ ಬಿಟ್ಟಾಯ್ತು."

ಅವನು ಸ್ವಲ್ಪ ಹೊತ್ತು ಪಾಲಿಶ್ ಬಟ್ಟೆ ಹಿಂಡಿದ. "ನನಗೆ ನಿಜವಾಗ್ಲೂ ಗೊತ್ತಿರಲಿಲ್ಲ ಕಣಣ್ಣ. ಉಳಿದ ಕುರ್ಚಿ ಜೊತೆ ಇತ್ತು. ಉಜ್ಜಿದೆ, ಮಾರಿದೆ."

"ಉಜ್ಜಿದೆ ಅಂತ ಯಾವ ಬಾಯಲ್ಲಿ ಹೇಳ್ತೀಯ? ಅಡಿ ಉಜ್ಜೇ ಇಲ್ವಲ್ಲೋ!" ಎಂದ ದೊಡ್ಡಣ್ಣ. ಹೇಳುತ್ತಿದ್ದಂತೆಯೇ ಅವನಿಗೆ ಹೊಳೆಯಿತು. ಯಾವ ಸೋಮಾರಿತನಕ್ಕೆ ತಮ್ಮನನ್ನು ಊರ ಮುಂದೆ ಹಂಗಿಸಿದ್ದನೋ, ಅದೇ ಸೋಮಾರಿತನ ಅಪ್ಪನ ಅಕ್ಷರವನ್ನು ಉಳಿಸಿತ್ತು.

ಗಾರೆಯವನು ಕೆಮ್ಮಿದ. "ಸಾರ್, ಗೋಡೆ?"

"ದಾರ ಸುತ್ತಿಕೊಳ್ಳಪ್ಪ" ಎಂದ ದೊಡ್ಡಣ್ಣ. "ಅಳತೆ ತಪ್ಪಿದೆ."

ಅಂಗಡಿಗೆ ಬೀಗ ಹಾಕಿ ಮೂವರೂ ದರ್ಜಿಯಮ್ಮನ ಕೋಣೆಗೆ ಹೋದೆವು. ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಇಷ್ಟು ಹತ್ತಿರದಲ್ಲಿತ್ತು ಆ ಕುರ್ಚಿ, ಇಷ್ಟು ದಿನವೂ. ಹೊಲಿಗೆ ಯಂತ್ರದ ಸುತ್ತ ಬಣ್ಣಬಣ್ಣದ ಚಿಂದಿ, ಗೋಡೆಗೆ ನೇತುಹಾಕಿದ ತೋಳಿಲ್ಲದ ಅಂಗಿಗಳು. ಆಕೆ ನಮ್ಮ ಮೂವರ ಮುಖವನ್ನೂ ನೋಡಿ, "ದೊಡ್ಡೋರು, ಚಿಕ್ಕೋರು, ಮಧ್ಯದಲ್ಲಿ ತಂಗಿ" ಎಂದು ತಾನೇ ಗುರುತು ಹಿಡಿದಳು. ಕುರ್ಚಿಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಗುಚಿ ಹಾಕಿಕೊಟ್ಟಳು.

ದೊಡ್ಡಣ್ಣ ಕನ್ನಡಕ ಹಾಕಿಕೊಂಡು ಓದಿದ. ಫೋಟೋದಲ್ಲಿ ಓದಿದ್ದನ್ನೇ ಮತ್ತೆ ಓದಿದ. ಆಮೇಲೆ ಒಂದೊಂದೇ ಕಾಲಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದ. ಮೂರನೆಯದಕ್ಕೆ ಬಂದಾಗ ಬೆರಳು ನಿಂತಿತು. ನನ್ನ ಕೈ ಹಿಡಿದು ಅಲ್ಲಿಟ್ಟ. ನನಗೇನೂ ಹತ್ತಲಿಲ್ಲ. ಅವನು ಕಿಟಕಿಯ ಬೆಳಕಿಗೆ ತಿರುಗಿಸಿ ತೋರಿಸಿದ ಮೇಲೆ ಕಂಡಿತು: ಕಾಲಿನ ತುದಿಗೆ ಉಗುರಿನಷ್ಟು ತೆಳ್ಳನೆಯ ಮರದ ಬಿಲ್ಲೆ, ಅದೇ ಮರದ್ದು, ಎಳೆಗೆ ಎಳೆ ಕೂಡುವಂತೆ ಅಂಟಿಸಿದ್ದು.

"ಸರಿ ಮಾಡೇ ಹೋಗಿದ್ದಾರೆ" ಎಂದ ದೊಡ್ಡಣ್ಣ.

"ನಾನು ಕೂತ ಮೇಲೆ ಒಂದು ದಿನಾನೂ ಅಲುಗಾಡಿಲ್ಲಪ್ಪ" ಎಂದಳು ದರ್ಜಿಯಮ್ಮ.

ದೊಡ್ಡಣ್ಣ ಅತ್ತ. ಮುಚ್ಚಿಟ್ಟುಕೊಳ್ಳದೆ, ಮಕ್ಕಳ ಹಾಗೆ ಅತ್ತ. ನಾನೂ ಅತ್ತೆ. ಅಪ್ಪ ಹೋದಾಗ ಇಬ್ಬರಿಗೂ ಸಮಾಧಾನ ಹೇಳುವ ಕೆಲಸದಲ್ಲಿ ಅಳುವುದು ಬಾಕಿ ಉಳಿದಿತ್ತು. ಚಿಕ್ಕಣ್ಣ ಕೈಗೆ ಸಿಕ್ಕ ಬಟ್ಟೆಯಲ್ಲಿ ಮೂಗೊರೆಸಿಕೊಂಡ. ಅದು ಯಾರದೋ ಹೊಸ ಅಂಗಿಯ ಕಾಲರು. ದರ್ಜಿಯಮ್ಮ ಉಳಿದ ಬಟ್ಟೆಗಳನ್ನು ಮೆಲ್ಲಗೆ ದೂರ ಸರಿಸಿದಳು.

ದೊಡ್ಡಣ್ಣ ಮೇಜಿನ ಮೇಲಿದ್ದ ಅವಳ ಸೀಮೆಸುಣ್ಣದ ತುಂಡು ಎತ್ತಿಕೊಂಡ. ಅಪ್ಪನ ಸಾಲಿನ ಪಕ್ಕದಲ್ಲಿ, ಜಾಗ ನೋಡಿ, 'ನೋಡಿದೆ' ಎಂದು ಬರೆದ. ಬರೆದು ಹಿಂದೆ ಸರಿದ. ಕಾರ್ಖಾನೆಯ ಪದ್ಧತಿ ಅವನಿಗೆ ರಕ್ತದಲ್ಲಿ ಇಳಿದದ್ದು. ಜೇಬಿನಿಂದ ಉಪ್ಪುಕಾಗದದ ತುಂಡು ತೆಗೆದು ತಮ್ಮನ ಕಡೆ ಚಾಚಿದ.

"ಉಜ್ಜೋದು ನಿನ್ನ ಕೆಲಸ."

ಚಿಕ್ಕಣ್ಣ ಕಾಗದ ತೆಗೆದುಕೊಂಡ. ಅಪ್ಪನ ಬರಹವನ್ನು, ಅದರ ಪಕ್ಕದ ಹೊಸ ಅಕ್ಷರವನ್ನು ನೋಡಿದ. ಕಾಗದವನ್ನು ಮಡಚಿ ತನ್ನ ಜೇಬಿಗೆ ಹಾಕಿಕೊಂಡ.

"ಅಡಿ ಉಜ್ಜೋಕೆ ನನಗೆ ಬೆನ್ನು ಬಗ್ಗಲ್ಲ ಕಣಣ್ಣ" ಎಂದ.

ದರ್ಜಿಯಮ್ಮ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಕೂತು, ಕಾಲರು ಇಲ್ಲದ ಅಂಗಿಯನ್ನು ಮತ್ತೆ ಕೈಗೆತ್ತಿಕೊಂಡಳು.